ಅಂಗೈಯಷ್ಟು ಸ್ಲೈಡು

ಸ್ಲೈಡ್ ಮಾಡಲು ಕಲಿಯಬೇಕೆಂದು ಬರುವವರಿಗೆ ನಾನು ಮೊದಲ ದಿನ ಕಂಪ್ಯೂಟರ್ ಮುಟ್ಟಲು ಕೊಡುವುದಿಲ್ಲ. ಹಳೆಯ ಬಿಲ್ಲುಗಳ ಖಾಲಿ ಮಗ್ಗುಲನ್ನು ಕತ್ತರಿಸಿಟ್ಟ ಚೀಟಿಗಳಿವೆ. ಅವನ್ನು ಮೇಜಿನ ಮೇಲೆ ಹರಡಿ ಪೆನ್ಸಿಲು ಕೊಡುತ್ತೇನೆ. ಒಂದು ಚೀಟಿಗೆ ಒಂದೇ ಸಂಗತಿ. ಬರೆದಾದ ಮೇಲೆ ಚೀಟಿಗಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು, ಎದ್ದು ನಿಂತು ಮಾತಾಡಬೇಕು. ಮಾತು ನಡೆಯುತ್ತಿರುವಾಗ ಕೂತವರು ಯಾವಾಗ ‘ಎಲ್ಲಿ, ತೋರಿಸಿ ನೋಡುವಾ’ ಎನ್ನುತ್ತಾರೋ ಆಗ ಹೊರಗೆ ಬಂದ ಚೀಟಿ ಮಾತ್ರ ಸ್ಲೈಡ್ ಆಗಬೇಕು. ಉಳಿದದ್ದು ಬಾಯಿಮಾತಿಗೆ ಸೇರಿದ್ದು.

ನಮ್ಮ ತರಗತಿ ಇರುವುದು ಮಂಗಳೂರು ಬಂದರಿನ ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿ. ಕೆಳಗೆ ಖರ್ಜೂರ, ಒಣಮೆಣಸು, ಅಕ್ಕಿ. ಹೆಂಚಿನ ಮಾಡು, ಕಡಿದಾದ ಮರದ ಮೆಟ್ಟಿಲು. ಕಿಟಕಿಯಿಂದ ಇಣುಕಿದರೆ ಲಾರಿಯಿಂದ ಗೋಣಿ ಇಳಿಸುವವರು ಕಾಣುತ್ತಾರೆ, ಗಾಳಿ ತಿರುಗಿದರೆ ಧಕ್ಕೆಯ ಮೀನಿನ ವಾಸನೆ ಮೇಲೆ ಬರುತ್ತದೆ. ಉಪ್ಪುಗಾಳಿಗೆ ಕಂಪ್ಯೂಟರಿನ ತಿರುಪುಗಳು ತುಕ್ಕು ಹಿಡಿಯುವ ಊರು ಇದು. ಕಲಿಯುವವರು ಹೆಚ್ಚು ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ, ಬಲೆ ಹೆಣೆಯುವ ಕೆಲಸ ಬಿಟ್ಟರೆ ಧಕ್ಕೆಯಲ್ಲಿ ಗದ್ದಲ ಕಡಿಮೆ. ಬೋಟಿನವರ ಲೆಕ್ಕ ಬರೆಯುವವರು, ಶಿಪ್ಪಿಂಗ್ ಏಜೆಂಟರ ಆಫೀಸಿನ ಹುಡುಗರು, ಡಿಗ್ರಿ ಓದುವ ಮಕ್ಕಳು, ಸ್ವಸಹಾಯ ಸಂಘದ ಹೆಂಗಸರು, ಹೀಗೆ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಹತ್ತುತ್ತಾರೆ. ತುಳು, ಬ್ಯಾರಿ, ಕೊಂಕಣಿ, ಉರ್ದು ಎಲ್ಲವೂ ಒಂದೇ ಕೋಣೆಯಲ್ಲಿ ಕೇಳುತ್ತದೆ. ಸ್ಲೈಡಿನ ಮೇಲೆ ಬರೆಯುವುದು ಮಾತ್ರ ಹೆಚ್ಚಿನವರಿಗೆ ಕನ್ನಡದಲ್ಲೇ ಆಗಬೇಕು.

ಚೀಟಿಯ ಪಾಠ ನಾನು ಕಲಿತದ್ದು ಕೆಳಗಿನ ಗೋದಾಮಿನಲ್ಲಿ. ಅಕ್ಕಿ ಕೊಳ್ಳಲು ಬಂದವರಿಗೆ ಸಾಹುಕಾರರು ಗೋಣಿ ಬಿಚ್ಚಿ ಸುರಿಯುವುದಿಲ್ಲ. ತುದಿ ಚೂಪಾದ ಕಬ್ಬಿಣದ ಕೊಳವೆಯನ್ನು ಗೋಣಿಯ ಹೊಟ್ಟೆಗೆ ಚುಚ್ಚಿ ಎಳೆಯುತ್ತಾರೆ. ಕೊಳವೆಯಲ್ಲಿ ಜಾರಿ ಬಂದ ಕುಚ್ಚಲಕ್ಕಿ ಅಂಗೈ ಮೇಲೆ ಬೀಳುತ್ತದೆ. ಬಂದವರು ಬೆರಳಲ್ಲಿ ಹರಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಒಂದು ಕಾಳು ಹಲ್ಲಿಗೆ ಕೊಡುತ್ತಾರೆ. ವ್ಯಾಪಾರದ ಮಾತೆಲ್ಲ ಆ ಹಿಡಿ ಅಕ್ಕಿಯ ಮೇಲೆ. ಎಲ್ಲಿಯ ಅಕ್ಕಿ, ಯಾವ ಬೆಳೆ, ಎಷ್ಟು ಹಳತು, ಸಾಲವೋ ನಗದೋ ಎಂಬುದೆಲ್ಲ ಬಾಯಲ್ಲೇ ತೀರ್ಮಾನವಾಗುತ್ತದೆ. ಸ್ಲೈಡ್ ಎಂದರೆ ನನಗೆ ಆ ಅಂಗೈ ಅಕ್ಕಿ. ಗೋಣಿ ಗೋಣಿಯಾಗಿಯೇ ಇರಲಿ.

ನಾವು ಸ್ಲೈಡ್ ಮಾಡುವ ಪವರ್‌ಪಾಯಿಂಟ್ ತಂತ್ರಾಂಶ ಹುಟ್ಟಿದ್ದೂ ಮಾತಾಡುವವರ ಕೈಗೆ ಒಂದು ಆಸರೆ ಕೊಡುವುದಕ್ಕೇ. ರಾಬರ್ಟ್ ಗ್ಯಾಸ್ಕಿನ್ಸ್ ಎಂಬವರು ಕ್ಯಾಲಿಫೋರ್ನಿಯದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ಇದರ ಕಲ್ಪನೆ ಮಾಡಿದರು, ಡೆನಿಸ್ ಆಸ್ಟಿನ್ ಪ್ರೋಗ್ರಾಂ ಬರೆಯುವುದರಲ್ಲಿ ಮುಖ್ಯರಾದರು. ಮೊದಲಿಗೆ ಇಟ್ಟ ಹೆಸರು ಪ್ರೆಸೆಂಟರ್. 1987ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಪವರ್‌ಪಾಯಿಂಟ್ ಎಂಬ ಹೆಸರಿನಲ್ಲಿ ಬಂತು, ಬರೇ ಕಪ್ಪು ಬಿಳುಪು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಆ ಕಂಪನಿಯನ್ನೇ ಕೊಂಡಿತು. ಆಗ ಗೋಡೆಯ ಮೇಲೆ ಚಿತ್ರ ಬಿಡಲು ಕಂಪ್ಯೂಟರನ್ನು ಯಾರೂ ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಪಾರದರ್ಶಕ ಹಾಳೆಯ ಮೇಲೆ ಅಚ್ಚು ಹಾಕಿ ಓವರ್‌ಹೆಡ್ ಪ್ರೊಜೆಕ್ಟರಿನ (ಓಎಚ್‌ಪಿ) ಗಾಜಿನ ಮೇಲೆ ಇಡುತ್ತಿದ್ದರು. ನಮ್ಮ ಕಾಲೇಜುಗಳಲ್ಲೂ ಅದು ಬಹಳ ಕಾಲ ಇತ್ತು. ಹಾಳೆ ಬದಲಿಸಲು ಮೇಷ್ಟ್ರು ಬಗ್ಗಲೇಬೇಕು, ಬಗ್ಗಿದಾಗ ಮಾತು ನಿಲ್ಲುತ್ತದೆ, ನಿಂತ ಹೊತ್ತಿನಲ್ಲಿ ಮಕ್ಕಳು ನೋಡಿ ಮುಗಿಸುತ್ತಾರೆ. ಆ ಸಣ್ಣ ಬಿಡುವು ಒಳ್ಳೆಯದಿತ್ತು. ಈಗ ಒಂದು ಗುಂಡಿ ಒತ್ತಿದರೆ ಸಾಕು, ಅದಕ್ಕೇ ಐವತ್ತು ಸ್ಲೈಡು ತರುತ್ತಾರೆ.

ಎರಡನೆಯ ದಿನ ಯಂತ್ರದ ಮುಂದೆ ಕೂರುತ್ತೇವೆ. ಹೊಸ ಸ್ಲೈಡ್ ಸೇರಿಸಿದ ಕೂಡಲೇ ಬಿಳಿ ಹಾಳೆಯ ಮೇಲೆ ಚುಕ್ಕೆಗೆರೆಯ ಎರಡು ಚೌಕಗಳು ಕಾಣುತ್ತವೆ, ಮೇಲಿನದು ತಲೆಬರಹಕ್ಕೆ, ಕೆಳಗಿನದು ಒಳಗಿನ ಮಾತಿಗೆ. ಹೊಸಬರು ಹೆಚ್ಚಾಗಿ ಅವೆರಡನ್ನೂ ಅಳಿಸಿ, ತಮಗೆ ಬೇಕಾದಲ್ಲಿ ಟೆಕ್ಸ್ಟ್ ಬಾಕ್ಸ್ ಎಳೆದು ಬರೆಯತೊಡಗುತ್ತಾರೆ. ನಾನು ಇಲ್ಲಿ ಕೈ ಹಿಡಿದು ನಿಲ್ಲಿಸುತ್ತೇನೆ. ಆ ಚೌಕಗಳು ಸುಮ್ಮನೆ ಬಿದ್ದ ಗೆರೆಗಳಲ್ಲ. ಅವುಗಳಲ್ಲಿ ಬರೆದದ್ದು ಔಟ್‌ಲೈನ್ ನೋಟದಲ್ಲಿ ಸಾಲಾಗಿ ಕಾಣುತ್ತದೆ, ಟೆಕ್ಸ್ಟ್ ಬಾಕ್ಸಿನದು ಕಾಣುವುದಿಲ್ಲ. ಸ್ಲೈಡ್ ಮಾಸ್ಟರಿನಲ್ಲಿ ಒಮ್ಮೆ ಅಕ್ಷರದ ಗಾತ್ರ ಬದಲಿಸಿದರೆ ಎಲ್ಲ ಸ್ಲೈಡುಗಳ ಚೌಕದಲ್ಲೂ ಬದಲಾಗುತ್ತದೆ, ಟೆಕ್ಸ್ಟ್ ಬಾಕ್ಸಿನಲ್ಲಿ ಬರೆದವರು ಒಂದೊಂದನ್ನೂ ಹುಡುಕಿ ತಿದ್ದುತ್ತಾ ಕೂರಬೇಕು. ಬಣ್ಣ, ಹಿನ್ನೆಲೆ, ಸಂಘದ ಲಾಂಛನ ಯಾವುದಿದ್ದರೂ ಮಾಸ್ಟರಿನಲ್ಲೇ ಇಡಿ ಎಂದು ನಾನು ಮತ್ತೆ ಮತ್ತೆ ಹೇಳುವುದುಂಟು. ಇದನ್ನು ಮೊದಲ ವಾರದಲ್ಲಿ ಕಲಿತವರಿಗೆ ಆಮೇಲಿನದೆಲ್ಲ ಸಲೀಸು. ದುಡ್ಡು ಕೊಟ್ಟು ಕೊಳ್ಳಲಾಗದವರಿಗೆ ಲಿಬ್ರೆ ಆಫೀಸಿನ ಇಂಪ್ರೆಸ್ ಹಾಕಿಕೊಡುತ್ತೇನೆ. ಅದರಲ್ಲೂ ಮಾಸ್ಟರ್ ಉಂಟು, ಚೌಕಗಳೂ ಉಂಟು.

ಕನ್ನಡದಲ್ಲಿ ಟೈಪ್ ಮಾಡುವುದು ನನಗೆ ತುಂಬ ಪ್ರೀತಿಯ ಪಾಠ. ನುಡಿ ತಂತ್ರಾಂಶದ ಮೂಲಕ ನಾಡಿನಲ್ಲೆಲ್ಲ ಹರಡಿದ, ಸರಕಾರ ಒಪ್ಪಿದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಕೆ.ಪಿ. ರಾವ್. ಹೆಸರಿನ ಮೊದಲ ಅಕ್ಷರ ಊರಿನದು: ಗುರುಪುರದ ಕಡೆಯ ಕಿನ್ನಿಕಂಬಳ. ನಮ್ಮ ಬಂದರಿಗೆ ಬಂದು ಸಮುದ್ರ ಸೇರುವ ಗುರುಪುರ ಹೊಳೆಯ ಮೇಲ್ದಂಡೆಯ ನೆರೆಯೂರಿನವರು ಎಂದು ಹೇಳಿದರೆ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ. ವಿನ್ಯಾಸದ ಜಾಣ್ಮೆ ಇರುವುದು ಎಫ್ ಕೀಲಿಯಲ್ಲಿ. ಅದು ವ್ಯಂಜನಕ್ಕೆ ವ್ಯಂಜನವನ್ನು ಬೆಸೆಯುವ ಕೀಲಿ. ನಾವು ಮೊದಲು ಬರೆಯುವ ಶಬ್ದ ‘ಧಕ್ಕೆ’. ಶಿಫ್ಟ್ ಹಿಡಿದು ಡಿ ಒತ್ತಿದರೆ ಧ. ಆಮೇಲೆ ಕೆ, ಎಫ್, ಕೆ ಒತ್ತಿದರೆ ಕಕಾರದ ಕೆಳಗೆ ಇನ್ನೊಂದು ಕಕಾರ ಬಂದು ಕೂರುತ್ತದೆ. ಇ ಒತ್ತಿದರೆ ಎತ್ವ ಏರುತ್ತದೆ. ಹೇಳುವ ಕ್ರಮದಲ್ಲೇ ಬೆರಳು ನಡೆಯುತ್ತದೆ. ಒಣಮೀನು ಸಂಘದ ಒಬ್ಬ ಅಕ್ಕ ಮೊದಲ ಬಾರಿ ಈ ಶಬ್ದವನ್ನು ಪರದೆಯ ಮೇಲೆ ಕಂಡಾಗ, ‘ಇಷ್ಟೇಯಾ ಮಾಷ್ಟ್ರೇ? ನಾನು ಎಂತದೋ ದೊಡ್ಡದು ಅಂತ ಹೆದರಿದ್ದು’ ಎಂದರು. ಅರ್ಧ ಗಂಟೆಯಲ್ಲಿ ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಬರೆದು ಮುಗಿಸಿದರು.

ಕನ್ನಡ ಅಕ್ಷರಕ್ಕೆ ಪರದೆಯ ಮೇಲೆ ಜಾಗ ಬೇಕು, ಇದನ್ನು ಯಾವ ಕೈಪಿಡಿಯೂ ಸರಿಯಾಗಿ ಹೇಳುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಅಳೆದು ಬಿಟ್ಟ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ಇಕಾರದ ತಲೆಗೆ ತಾಗುತ್ತವೆ. ‘ರಾಷ್ಟ್ರ’ ಎಂದು ಬರೆದು ಅದರ ಕೆಳಗೆ ‘ನೀತಿ’ ಎಂದು ಬರೆದು ನೋಡಿ, ಒಂದು ಇನ್ನೊಂದರ ಮೇಲೆ ಹತ್ತಿರುತ್ತದೆ. ಸಾಲಿನ ಅಂತರವನ್ನು ಹಿಗ್ಗಿಸಬೇಕು. ಬೋಲ್ಡ್ ಮಾಡಿದರೆ ಒತ್ತಕ್ಷರದ ಒಳಗಿನ ಬಿಳಿ ತುಂಬಿಹೋಗಿ ಹಿಂದಿನ ಬೆಂಚಿನವರಿಗೆ ಅದು ಬರೇ ಕರಿ ಚುಕ್ಕೆಯಾಗಿ ಕಾಣುತ್ತದೆ, ಆದ್ದರಿಂದ ಒತ್ತಿ ಹೇಳಬೇಕಾದದ್ದನ್ನು ಬಣ್ಣದಿಂದ ಹೇಳುವುದು ಮೇಲು. ನಮ್ಮ ಶಬ್ದಗಳೂ ಉದ್ದ. ವಿಭಕ್ತಿ, ಪ್ರತ್ಯಯ, ಸಂಧಿ ಎಲ್ಲ ಸೇರಿ ಒಂದೇ ಶಬ್ದ ಅರ್ಧ ಸಾಲು ನುಂಗುತ್ತದೆ. ಎರಡೂ ಅಂಚು ಸರಿಸಮ ಮಾಡಲು ಹೋದರೆ ಶಬ್ದಗಳ ನಡುವೆ ದೊಡ್ಡ ದೊಡ್ಡ ಕಂದರ ಬೀಳುತ್ತದೆ. ಎಡಕ್ಕೆ ಜೋಡಿಸಿ ಬಲವನ್ನು ಹಾಗೆಯೇ ಬಿಡಿ.

ಇದೇ ಊರಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಕೈಬರಹವೇ ಹಾಳೆಗೆ ಇಳಿಯುತ್ತಿತ್ತು, ಒತ್ತಕ್ಷರ ಎಲ್ಲಿ ಕೂರಬೇಕೆಂದು ಬರೆಯುವ ಕೈಯೇ ನಿರ್ಧರಿಸುತ್ತಿತ್ತು. ಅಲ್ಲಿಂದ ಮೊಳೆಯಚ್ಚಿಗೆ, ಮೊಳೆಯಚ್ಚಿನಿಂದ ಕಂಪ್ಯೂಟರಿಗೆ ಬರುವಾಗ ಆ ಕೈಯ ತೀರ್ಮಾನವನ್ನು ನಿಯಮವಾಗಿ ಬರೆದುಕೊಡಬೇಕಾಯಿತು. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇದ್ದ ಯಂತ್ರದಲ್ಲಿ ಕನ್ನಡ, ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಬ್ಬ ಹುಡುಗಿ ರಾತ್ರಿಯೆಲ್ಲ ಕೂತು ಮಾಡಿದ ಸೆಮಿನಾರು ಬೇರೆ ಕಡೆಯ ಯಂತ್ರದಲ್ಲಿ ತೆರೆದಾಗ ಹೀಗೆ ಹಾಳಾಗಿ, ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಮೆಟ್ಟಿಲು ಹತ್ತಿ ಬಂದದ್ದುಂಟು. ಯೂನಿಕೋಡ್ ಬಂದ ಮೇಲೆ ಈ ಕಷ್ಟಕ್ಕೆ ಕಾರಣವೇ ಇಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ತುಂಗಾ, ಆಮೇಲೆ ನಿರ್ಮಲಾ ಎಂಬ ಫಾಂಟುಗಳು ವಿಂಡೋಸಿನ ಜೊತೆಗೇ ಬಂದಿವೆ. ಆದರೂ ಹಳೆಯ ಕಡತದಿಂದ ನಕಲು ಮಾಡುವ ಅಭ್ಯಾಸ ಹೋಗಿಲ್ಲ. ಯೂನಿಕೋಡಿನಲ್ಲೇ ಬರೆಯಿರಿ, ಜೊತೆಗೆ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ. ಈ ಎರಡು ಮಾತನ್ನು ನಾನು ಗೋಡೆಯ ಮೇಲೆ ಬರೆಸಿಯೇ ಇಟ್ಟಿದ್ದೇನೆ.

ಅಕ್ಷರ ಸರಿಯಾದ ಮೇಲೆ, ಒಂದು ಸ್ಲೈಡಿನಲ್ಲಿ ಎಷ್ಟು ಇಡಬೇಕೆಂಬುದು ಮುಂದಿನ ಪಾಠ. ಬೋಟುಗಳ ಲೆಕ್ಕ ಬರೆಯುವವರು ಇಡೀ ಸೀಸನ್ನಿನ ಡೀಸೆಲ್ ಖರ್ಚಿನ ಪಟ್ಟಿಯನ್ನು ಒಂದೇ ಸ್ಲೈಡಿಗೆ ಅಂಟಿಸಿ ತಂದಿದ್ದರು. ಅಷ್ಟು ಲೆಕ್ಕ ಇಟ್ಟದ್ದು ದೊಡ್ಡ ಕೆಲಸ, ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಸಭೆಯಲ್ಲಿ ಕೂತ, ಬೋಟು ನಡೆಸುವ ತಂಡೇಲರಿಗೆ ಬೇಕಾದದ್ದು ಎರಡೇ ಗೆರೆ, ಡೀಸೆಲಿನದು ಒಂದು, ಮೀನಿನದು ಇನ್ನೊಂದು. ಎರಡು ಗೆರೆ ಎಲ್ಲಿ ಅಡ್ಡ ದಾಟುತ್ತವೆಯೋ ಅಲ್ಲಿಂದ ಬೋಟು ಕಡಲಿಗೆ ಹೋದರೂ ನಷ್ಟ, ಕಟ್ಟಿ ಹಾಕಿದರೂ ನಷ್ಟ. ಆ ಜಾಗವನ್ನು ಕೆಂಪು ಮಾಡಿ ಪರದೆಯಲ್ಲಿ ಬಿಟ್ಟೆವು. ಪಟ್ಟಿಯನ್ನು ಅಚ್ಚು ಹಾಕಿ ಎಲ್ಲರ ಕೈಗೆ ಕೊಟ್ಟೆವು. ಓದಬೇಕಾದದ್ದು ಕೈಯಲ್ಲಿರಲಿ, ನೋಡಬೇಕಾದದ್ದು ಗೋಡೆಯಲ್ಲಿರಲಿ.

ಯಾವುದನ್ನು ಎಲ್ಲಿ ಇಡಬೇಕೆಂಬುದು ಬರೇ ಅಂದಚೆಂದದ ಪ್ರಶ್ನೆ ಎಂದುಕೊಂಡವರಿಗೆ ನಾನು ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಕಥೆ ಹೇಳುತ್ತೇನೆ. ಕಲ್ಪನಾ ಚಾವ್ಲಾ ಇದ್ದ ಆ ನೌಕೆ 2003ರ ಜನವರಿ 16ರಂದು ಮೇಲೇರಿದಾಗ ಇಂಧನ ಟ್ಯಾಂಕಿನ ನೊರೆಯ ಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಮೇಲಿರುವಾಗಲೇ ಕೆಳಗೆ ಎಂಜಿನಿಯರುಗಳು ಅಪಾಯ ಎಷ್ಟೆಂದು ಲೆಕ್ಕ ಹಾಕಿ ಸ್ಲೈಡುಗಳಲ್ಲಿ ವರದಿ ಒಪ್ಪಿಸಿದರು. ಒಂದು ಸ್ಲೈಡಿನ ತಲೆಬರಹ ಓದಿದರೆ ಧೈರ್ಯ ಬರುವಂತಿತ್ತು. ಬಡಿದ ತುಂಡು ಹಿಂದೆ ಪರೀಕ್ಷೆ ಮಾಡಿದ್ದ ತುಂಡುಗಳಿಗಿಂತ ನೂರಾರು ಪಟ್ಟು ದೊಡ್ಡದು ಎಂಬ ಮಾತು ಅದೇ ಸ್ಲೈಡಿನ ತಳದಲ್ಲಿ, ಚುಕ್ಕೆಯೊಳಗಿನ ಚುಕ್ಕೆಯ ಕೆಳಗೆ, ಸಣ್ಣ ಅಕ್ಷರದಲ್ಲಿ ಕೂತಿತ್ತು. ಫೆಬ್ರವರಿ 1ರಂದು ಹಿಂತಿರುಗುವಾಗ ನೌಕೆ ಒಡೆದು ಏಳು ಮಂದಿಯೂ ತೀರಿಹೋದರು. ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನೇ ಅಚ್ಚು ಹಾಕಿತು, ಮಾಹಿತಿ ವಿನ್ಯಾಸದ ತಜ್ಞ ಎಡ್ವರ್ಡ್ ಟಫ್ಟಿಯವರು ಅದನ್ನು ಬಿಡಿಸಿ ತೋರಿಸಿದ ವಿಮರ್ಶೆಯ ಜೊತೆಗೆ. ಪ್ರಾಣಕ್ಕೇ ಕುತ್ತು ಬಂದಿದೆಯೆಂಬುದು ಇದನ್ನು ಓದಿದ ದೊಡ್ಡ ಅಧಿಕಾರಿಗೆ ತಿಳಿಯದೆ ಹೋಗುವುದು ಸಹಜ ಎಂಬುದು ಮಂಡಳಿಯ ಅಭಿಪ್ರಾಯ. ಈ ಕಥೆ ಹೇಳಿದ ಮೇಲೆ ಕೋಣೆಯಲ್ಲಿ ಯಾರೂ ಸ್ಲೈಡಿನ ತಳದಲ್ಲಿ ಮುಖ್ಯವಾದದ್ದನ್ನು ಬರೆಯುವುದಿಲ್ಲ.

ಚುಕ್ಕೆ ಇಟ್ಟು ಬರೆದದ್ದನ್ನು ಜನರ ಎದುರು ಓದಿ ಹೇಳುವುದು ನಮ್ಮ ನಾಡಿಗೆ ಒಗ್ಗುವ ಕ್ರಮವೂ ಅಲ್ಲ. ಇದು ತಾಳಮದ್ದಳೆಯ ನಾಡು. ವೇಷವಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆ, ಆಮೇಲೆ ಚಾಪೆಯ ಮೇಲೆ ಕೂತ ಅರ್ಥಧಾರಿಗಳು ಅಲ್ಲಿಂದಲ್ಲಿಗೇ ಕಟ್ಟುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿ ಮಾತಿಗೆ ಕೂತರೆ ಲಂಕೆ ನೋಡಲು ಯಾರಿಗೂ ಚಿತ್ರ ಬೇಕಾಗುತ್ತಿರಲಿಲ್ಲ. ಕುಂಬಳೆ ಸುಂದರ ರಾವ್ ಪ್ರಾಸ ಸೇರಿಸಿ ಮಾತು ಹರಿಸಿದರೆ ಮಳೆ ಬಂದರೂ ಜನ ಏಳುತ್ತಿರಲಿಲ್ಲ. ಅಂಥ ಕಿವಿಯಿರುವ ಜನರೆದುರು ನಿಂತು, ಬೆನ್ನು ತಿರುಗಿಸಿ, ಗೋಡೆಯ ಮೇಲಿದ್ದದ್ದನ್ನು ಓದುವುದೆಂದರೆ ಏನರ್ಥ? ಹಾಗಾದರೆ ಸ್ಲೈಡೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಭೂಪಟವನ್ನು ಬಾಯಲ್ಲಿ ಹೇಳಲಾಗುವುದಿಲ್ಲ. ಹಳೆಯ ಕಾಗದದ ಮೇಲಿನ ಕೈಬರಹವನ್ನು, ಮೀನಿನ ಕಿವಿರಿನ ಬಣ್ಣವನ್ನು, ಏರಿಳಿಯುವ ಬೆಲೆಯ ಗೆರೆಯನ್ನು ಎಂಥ ಅರ್ಥಧಾರಿಯೂ ಕೇಳುವವರ ಕಣ್ಣಿಗೆ ಕೊಡಲಾರ.

ಈ ಸಲ ಬಂದವರಲ್ಲಿ ಕಸಬಾ ಬೆಂಗ್ರೆಯ ಒಬ್ಬ ಹುಡುಗ ಇದ್ದಾನೆ. ಬೆಳಿಗ್ಗೆ ಫೆರಿಯಲ್ಲಿ ಹೊಳೆ ದಾಟಿ ಬಂದು ಶಿಪ್ಪಿಂಗ್ ಏಜೆಂಟರ ಆಫೀಸಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಸರಕಿನ ಕಾಗದಪತ್ರ ನೋಡುತ್ತಾನೆ, ಸಂಜೆ ಕಾಲೇಜಿಗೆ ಹೋಗುತ್ತಾನೆ. ಅವನು ಆರಿಸಿಕೊಂಡ ವಿಷಯ ಕೇಳಿಯೇ ನನಗೆ ಖುಷಿಯಾಯಿತು: ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯ ಕಡೆಯವನು. ಏಡನ್ ಮೂಲಕ ಬಂದು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ, 1149ರಲ್ಲಿ ಏಡನ್ನಿಗೆ ಮರಳಿದ. ಅವನ ಪತ್ರಗಳು ಹಳೆಯ ಕೈರೋದ ಸಿನಗಾಗಿನ ಗೆನಿಜಾ ಎಂಬ ಕಾಗದದ ಉಗ್ರಾಣದಲ್ಲಿ ಉಳಿದು ಬಂದವು. ಮೆಣಸು, ಶುಂಠಿ, ಅಡಕೆ, ಏಲಕ್ಕಿ ಇಲ್ಲಿಂದ. ಸಕ್ಕರೆ, ಒಣದ್ರಾಕ್ಷಿ, ಕಾಗದ ಅಲ್ಲಿಂದ. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ನೋಡುತ್ತಿದ್ದ ಆಳಿನ ಹೆಸರು ಬೊಮ್ಮ ಇರಬೇಕೆಂದು ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಗುರುತಿಸಿ, ಲೇಖಕ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಹುಡುಗ ಇದನ್ನೆಲ್ಲ ಚುಕ್ಕೆ ಇಟ್ಟು ಇಟ್ಟು ತುಂಬಿಸಿ ತಂದಿದ್ದ. ಚೀಟಿ ಹಿಡಿದು ಮಾತಾಡಿಸಿದಾಗ ಮೂರು ಕಡೆ ಮಾತ್ರ ಉಳಿದವರು ‘ತೋರಿಸು’ ಎಂದರು. ಭೂಪಟದಲ್ಲಿ, ಪತ್ರದ ಚಿತ್ರದಲ್ಲಿ, ಸರಕಿನ ಹೆಸರುಗಳಲ್ಲಿ. ಉಳಿದ ಚೀಟಿಗಳನ್ನು ಅವನು ಜೇಬಿಗೆ ಹಾಕಿಕೊಂಡ. ಭೂಪಟಕ್ಕೆ ಎರಡು ಬಾಣ ಎಳೆದೆವು. ಒಂದು, ನೈಋತ್ಯ ಮಾರುತ ಏಡನ್ ಕಡೆಯಿಂದ ಇತ್ತ ತರುವ ದಿಕ್ಕಿಗೆ. ಇನ್ನೊಂದು, ಚಳಿಗಾಲದ ಗಾಳಿ ಇಲ್ಲಿಂದ ಅತ್ತ ಒಯ್ಯುವ ದಿಕ್ಕಿಗೆ. ನಾನು ಅನಿಮೇಷನ್ ಕಲಿಸುವುದು ಇಂಥ ಕಡೆ ಮಾತ್ರ. ಮೊದಲ ಬಾಣ ಒಂದು ಒತ್ತಿಗೆ, ಎರಡನೆಯದು ಇನ್ನೊಂದು ಒತ್ತಿಗೆ. ನಡುವಿನಲ್ಲಿ ತಿಂಗಳುಗಟ್ಟಲೆ ಕಾಯುವ ಕಾಲ, ಅದನ್ನು ಅವನು ಬಾಯಲ್ಲಿ ಹೇಳುತ್ತಾನೆ. ಹಾರಿ ಬರುವ, ತಿರುಗಿ ಬೀಳುವ ಅಕ್ಷರಗಳನ್ನು ಅವನೇ ತೆಗೆದುಹಾಕಿದ.

ಕಾಲೇಜಿಗೆ ಹೋಗುವ ಮೊದಲು ನಮ್ಮ ಮಹಡಿಯಲ್ಲೇ ಒಮ್ಮೆ ನಡೆಸಿದೆವು. ಒಣಮೀನು ಸಂಘದ ಅಕ್ಕ, ಬೋಟಿನ ಲೆಕ್ಕದವರು, ಕೆಳಗಿನ ಗೋದಾಮಿನ ಸಾಹುಕಾರರು ಎಲ್ಲರೂ ಬಂದು ಕೂತರು. ಎಫ್ 5 ಒತ್ತಿ ಶುರು ಮಾಡಿದ. ಬೊಮ್ಮನ ವಿಷಯ ಬಂದಾಗ ಬಿ ಒತ್ತಿ ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಎರಡು ಹೆಜ್ಜೆ ಮುಂದೆ ಬಂದು, ಬರೇ ಮಾತಾಡಿದ. ನಾನು ಹೇಳಿಕೊಟ್ಟದ್ದು ಕೀಲಿ ಮಾತ್ರ, ಅದನ್ನು ಅಲ್ಲಿ ಒತ್ತಬೇಕೆಂದು ತೋರಿದ್ದು ಅವನಿಗೇ.

ಮುಗಿದ ಕೂಡಲೇ ಸಾಹುಕಾರರು ಕೈ ಎತ್ತಿದರು. ಅವರ ಮನೆಯವರು ಹಿಂದೆ ಮಂಜಿ ಎಂಬ ಹಾಯಿಹಡಗುಗಳ ವ್ಯಾಪಾರದಲ್ಲಿದ್ದವರು. ‘ಅಲ್ಲ ಮೋನೇ, ಆ ಕಾಲದಲ್ಲಿ ಹಡಗು ಎಲ್ಲಿ ಕಟ್ಟುತ್ತಿದ್ದದ್ದು? ಅಳಿವೆ ಬಾಗಿಲು ಈಗ ಇರುವಲ್ಲೇ ಇತ್ತಾ?’

‘ಒಂದು ನಿಮಿಷ ಕಾಕ’ ಎಂದು ಅವನು ಎರಡು ಒತ್ತಿ ಎಂಟರ್ ಒತ್ತಿದ. ನೇರ ಎರಡನೆಯ ಸ್ಲೈಡಿಗೆ, ಭೂಪಟಕ್ಕೆ ಹೋಯಿತು. ಆದರೆ ಅದು ಏಡನ್ನಿನಿಂದ ಮಂಗಳೂರಿನ ತನಕದ ಭೂಪಟ, ಅದರಲ್ಲಿ ನಮ್ಮ ಊರು ಒಂದು ಚುಕ್ಕೆ. ನೇತ್ರಾವತಿ, ಗುರುಪುರ ಹೊಳೆ, ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯ ಮರಳುಪಟ್ಟಿ ಯಾವುದೂ ಕಾಣುವುದಿಲ್ಲ. ಹೊಳೆ ತಂದ ಮರಳಿಗೆ ಅಳಿವೆ ಜಾಗ ಬದಲಿಸುತ್ತಲೇ ಇರುತ್ತದೆಂದು ಬೋಟಿನ ಲೆಕ್ಕದವರು ಹೇಳಿದರು. ಹೂಳಿನ ಕಾಟಕ್ಕೇ ಅಲ್ಲವೇ ದೊಡ್ಡ ಹಡಗಿಗೆ ಪಣಂಬೂರಿನಲ್ಲಿ ಹೊಸ ಬಂದರು ಆಗಬೇಕಾಯಿತು ಎಂದು ಸಾಹುಕಾರರು ಸೇರಿಸಿದರು. 1974ರಲ್ಲಿ ಅದು ಮುಖ್ಯ ಬಂದರಾಯಿತು, ಇದು ಹಳೆ ಬಂದರಾಯಿತು. ಅಕ್ಕ ಎದ್ದು ಪರದೆಯ ಹತ್ತಿರ ಹೋಗಿ, ತನ್ನ ಅಜ್ಜಿ ಮೀನು ಒಣಗಿಸುತ್ತಿದ್ದ ಜಾಗ ಈಗ ನೀರಿನೊಳಗೆ ಇರುವುದು ಎಂದು ಖಾಲಿ ಸಮುದ್ರದ ಮೇಲೆ ಬೆರಳಿಟ್ಟು ತೋರಿಸಿದರು.

ಹುಡುಗ ಅದನ್ನೆಲ್ಲ ಚೀಟಿಗಳಲ್ಲಿ ಬರೆದುಕೊಂಡಿದ್ದಾನೆ. ಅಳಿವೆಯ ಹಳೆಯ ನಕಾಶೆ ಹುಡುಕಲು ಗ್ರಂಥಾಲಯಕ್ಕೆ ಹೋಗುವುದೆಂದು ತೀರ್ಮಾನವಾಗಿದೆ, ಅಕ್ಕ ಹೇಳಿದ ಜಾಗ ಗುರುತಿಸಲು ಒಂದು ಬೆಳಿಗ್ಗೆ ಫೆರಿಯಲ್ಲಿ ಬೆಂಗ್ರೆಗೂ ಹೋಗಬೇಕು. ನಾಲ್ಕನೆಯ ಸ್ಲೈಡಾಗಿ ಹೊಸ ಹಾಳೆ ಸೇರಿಸಿ, ತಲೆಬರಹದ ಚೌಕದಲ್ಲಿ ‘ಅಳಿವೆ ಎಲ್ಲಿತ್ತು?’ ಎಂದಷ್ಟೇ ಬರೆದು ಇಟ್ಟಿದ್ದಾನೆ.